ಗುರಿ ಸರಿಯಿದ್ದರೆ ಸಾಕೇ?

ಪಕ್ಕದ ಮನೆಯ ಮುದುಕರ ಶೆಡ್ಡಿನ ಗೋಡೆಗೆ ಒಂದು ಕಾಗದ ಅಂಟಿಸಿದೆ. ಹಳದಿ ತಿರುಗಿದೆ, ಅಂಚುಗಳು ಸುರುಳಿಯಾಗಿವೆ. ನಡುವೆ ಐದು ತೂತುಗಳು. ನೂರು ಗಜ ದೂರದಿಂದ ಹೊಡೆದ ಐದು ಗುಂಡುಗಳ ಗುರುತು ಅದು. ಐದನ್ನೂ ಒಂದು ಬೆಂಕಿಪೊಟ್ಟಣದಿಂದ ಮುಚ್ಚಿಬಿಡಬಹುದು. ಅಂಗಡಿಯಿಂದ ತಂದ ಗುಂಡುಗಳಲ್ಲ. ಅದೇ ಶೆಡ್ಡಿನಲ್ಲಿ ಹಳೆಯ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು ಅವರೇ ಮಾಡಿಕೊಂಡವು. ಮೊದಲ ಸಲ ನಾನು ಆ ಕಾಗದವನ್ನು ನೋಡುತ್ತ ನಿಂತಾಗ ಅವರು ಹೇಳಿದ್ದು ಇಷ್ಟು: "ಜಿಂಕೆಗೆ ನಾವು ತೋರಿಸಬಹುದಾದ ಮರ್ಯಾದೆ ಇದೊಂದೇ. ಗುರಿ ಸರಿಯಿಲ್ಲದವನು ಕಾಡಿಗೆ ಹೋಗಬಾರದು."

ಆ ಮಾತು ನನಗೆ ತುಂಬಾ ಹಿಡಿಸಿತ್ತು. ಅದು ಅರ್ಧ ಮಾತ್ರ ನಿಜ ಎಂದು ತಿಳಿಯಲು ಒಂದು ಜಿಂಕೆ ಸಾಯಬೇಕಾಯಿತು, ಅದೂ ಕೆಟ್ಟದಾಗಿ.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಬೆಟ್ಟಸಾಲಿನ ಊರಿನಲ್ಲಿ. ಇಲ್ಲಿ ಜಿಂಕೆ ಬೇಟೆ ಕಾನೂನುಬದ್ಧ. ತರಗತಿಗೆ ಹೋಗಿ, ಪರೀಕ್ಷೆ ಬರೆದು, ಲೈಸೆನ್ಸ್ ಪಡೆದವರು ಗೊತ್ತಾದ ದಿನಗಳಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡಿಗೆ ಹೋಗುತ್ತಾರೆ. ಈ ಕಾಡುಗಳಲ್ಲಿದ್ದ ತೋಳಗಳನ್ನು 19ನೇ ಶತಮಾನ ಮುಗಿಯುವಷ್ಟರಲ್ಲಿ ಮನುಷ್ಯರೇ ಇಲ್ಲವಾಗಿಸಿದರು. ಜಿಂಕೆಗಳು ಹೆಚ್ಚಿದ ಕಡೆ ಎಳೆಯ ಸಸಿಗಳು ಮೇಲೇಳುವುದಿಲ್ಲ, ರಸ್ತೆಯಲ್ಲಿ ಕಾರುಗಳಿಗೆ ಸಿಕ್ಕಿ ಸಾಯುವ ಜಿಂಕೆಗಳಿಗೂ ಲೆಕ್ಕವಿಲ್ಲ. ಹಾಗಾಗಿ ಇಲ್ಲಿನವರಿಗೆ ಬೇಟೆಯೆಂಬುದು ಊಟ, ಹಬ್ಬ, ಕರ್ತವ್ಯ ಎಲ್ಲವೂ ಸೇರಿದ ಒಂದು ವಿಷಯ.

ನನಗೂ ಕೋವಿ ಹೊಸದಲ್ಲ. ಮಲೆನಾಡಿನ ನಮ್ಮ ಮನೆಯ ಗೋಡೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯೊಂದು ನೇತಾಡುತ್ತಿತ್ತು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ನಾರು ಗಿಡಿದು, ಸೀಸದ ಗುಂಡನ್ನೋ ಚರೆಯನ್ನೋ ಹಾಕಿ ಹೊಡೆಯುವ ಕೋವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ನಮ್ಮಲ್ಲಿ ಕಥೆಯಾಗಿ ಉಳಿಯಿತು. ಕದ್ದುಮುಚ್ಚಿ ನಡೆದದ್ದು ಬೇರೆ ಮಾತು. ಮಳೆಗಾಲದ ರಾತ್ರಿ ಹೊಡಸಲಿನ ಮುಂದೆ ಕೇಳಿದ ಆ ಕಥೆಗಳಲ್ಲಿ ಎಲ್ಲ ಈಡುಗಳೂ ತಗಲುತ್ತಿದ್ದವು, ಎಲ್ಲ ಹಂದಿಗಳೂ ನಿಂತಲ್ಲೇ ಉರುಳುತ್ತಿದ್ದವು. ಗಾಯಗೊಂಡು ಓಡಿಹೋದ ಪ್ರಾಣಿಯ ಕಥೆಯನ್ನು ಯಾರೂ ಹೇಳಿದ್ದು ನೆನಪಿಲ್ಲ. ಅಂಥವು ಇರಲಿಲ್ಲವೆಂದಲ್ಲ, ಹೇಳುವಂಥವಲ್ಲ ಅಷ್ಟೆ.

ಎರಡು ಚಳಿಗಾಲ ನಾನು ಮುದುಕರ ಶೆಡ್ಡಿನಲ್ಲಿ ಎರಕ ಹೊಯ್ಯುವುದನ್ನು ಕಲಿತೆ. ಹೊರಗಿನಿಂದ ನೋಡಿದರೆ ಸುಲಭ: ಕರಗಿಸು, ಹೊಯ್ಯಿ, ತೆಗೆ. ಆದರೆ ಮನೆಯಲ್ಲಿ ಮಾಡಿದ ಸೀಸದ ಗುಂಡು ಬೇಟೆಯ ರೈಫಲ್ಲಿನಿಂದ ನೆಟ್ಟಗೆ ಹೋಗಬೇಕಾದರೆ ನೂರು ಸಣ್ಣ ವಿಷಯಗಳು ಸರಿಯಾಗಬೇಕು. ಸೀಸ ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶುದ್ಧ ಸೀಸ ಬಲು ಮೆದು, ಉಗುರಿನಲ್ಲಿ ಗೀರಿದರೆ ಗೆರೆ ಬೀಳುತ್ತದೆ. ರೈಫಲ್ಲಿನ ವೇಗಕ್ಕೆ ಅದು ತಡೆಯದು. ತವರ ಬೆರೆಸಿದರೆ ದ್ರವ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಆಂಟಿಮನಿ ಬೆರೆಸಿದರೆ ಗಟ್ಟಿಯಾಗುತ್ತದೆ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕುಗಟ್ಟುತ್ತದೆ, ಕಾದದ್ದು ಹೆಚ್ಚಾದರೆ ಇಬ್ಬನಿ ಕೂತಂತೆ ಮಂಕಾಗುತ್ತದೆ.

ಆಮೇಲೆ ಅಳತೆ. ರೈಫಲ್ಲಿನ ನಳಿಗೆಯೊಳಗೆ ತಿರುಚಿ ಕೊರೆದ ಗೀರುಗಳಿರುತ್ತವೆ. ಗುಂಡು ಗಿರಗಿರನೆ ತಿರುಗುತ್ತ ಹೋಗುವುದು ಅವುಗಳಿಂದ. ಮೆದು ಸೀಸದ ತುಂಡೊಂದನ್ನು ನಳಿಗೆಯೊಳಗೆ ಮೆಲ್ಲಗೆ ಬಡಿದು ದಾಟಿಸಿ, ಹೊರಬಂದ ತುಂಡನ್ನು ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಗುಂಡು ಅದಕ್ಕಿಂತ ಇಂಚಿನ ಸಾವಿರದಲ್ಲಿ ಒಂದೆರಡು ಪಾಲು ದಪ್ಪ ಇರಬೇಕು. ಅಷ್ಟು ಕಡಿಮೆಯಾದರೂ ಸುಡುಗಾಳಿ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಮೆತ್ತುತ್ತದೆ. ಹತ್ತು ಈಡು ಆಗುವಷ್ಟರಲ್ಲಿ ಗುರಿ ಎಲ್ಲೆಲ್ಲಿಗೋ ಹೋಗಿರುತ್ತದೆ. ಮೈಗೆ ಜೇನುಮೇಣ ಬೆರೆಸಿದ ಜಿಡ್ಡು, ಬುಡಕ್ಕೆ ತಾಮ್ರದ ಪುಟ್ಟ ಟೋಪಿ. ಮುದುಕರು ಮೊದಲ ದಿನವೇ ಹೇಳಿದ್ದರು: "ಮೂತಿ ಸ್ವಲ್ಪ ಹಾಳಾಗಿದ್ದರೂ ನಡೆಯುತ್ತದೆ, ಬುಡ ಹಾಳಾಗಿರಬಾರದು." ನಳಿಗೆಯಿಂದ ಹೊರಬೀಳುವ ಗಳಿಗೆಯಲ್ಲಿ ಗುಂಡಿನ ಹಿಂದೆ ಗಾಳಿಯ ಒತ್ತಡ ಎಲ್ಲ ಕಡೆ ಸಮನಾಗಿರಬೇಕು. ಬುಡದ ಅಂಚಿನಲ್ಲಿ ಸಣ್ಣ ಹಳ್ಳವಿದ್ದರೂ ಗುಂಡು ವಾಲುತ್ತದೆ.

ಎಲ್ಲ ಮುಗಿದ ಮೇಲೆ ಒಂದೊಂದನ್ನೂ ತಕ್ಕಡಿಗೆ ಹಾಕುತ್ತಿದ್ದೆವು. ಹನ್ನೊಂದು ಗ್ರಾಂ ಆಸುಪಾಸಿನ ಗುಂಡುಗಳು. ಕಣ್ಣಿಗೆ ಎಲ್ಲ ಒಂದೇ. ತೂಕದಲ್ಲಿ ಕೆಲವು ಹಗುರ, ಅಂದರೆ ಒಳಗೆಲ್ಲೋ ಗುಳ್ಳೆ ಇದೆ. ಅಂಥವು ಮತ್ತೆ ಪಾತ್ರೆಗೆ. ನೂರು ಹೊಯ್ದರೆ ಮೂವತ್ತು ನಲವತ್ತು ವಾಪಸು ಕರಗುತ್ತಿದ್ದವು. ಇಷ್ಟು ಧಾರಾಳವಾಗಿ ತಪ್ಪನ್ನು ಕ್ಷಮಿಸುವ ಕಸುಬು ಇನ್ನೊಂದಿಲ್ಲ ಎಂದು ನನಗೆ ಖುಷಿಯಾಗುತ್ತಿತ್ತು.

ಅವರ ಹತ್ತಿರವಿದ್ದ ಸೀಸ ಬಂದದ್ದು ಮುಚ್ಚಿಹೋದ ಒಂದು ಪತ್ರಿಕೆಯ ಅಚ್ಚುಕೂಟದಿಂದ. ಲೈನೊಟೈಪ್ ಯಂತ್ರ 1886ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಮೊದಲು ಕೆಲಸಕ್ಕೆ ಬಂತು. ಒಂದೊಂದು ಸಾಲನ್ನೂ ಬಿಸಿ ಲೋಹದಲ್ಲಿ ಒಂದೇ ಪಟ್ಟಿಯಾಗಿ ಎರಕ ಹೊಯ್ಯುವ ಯಂತ್ರ. ಸೀಸ 84 ಪಾಲು, ಆಂಟಿಮನಿ 12, ತವರ 4. ಅಕ್ಷರದ ಮೂಲೆ ಮೊಂಡಾಗದಂತೆ ಕಂಡುಕೊಂಡ ಈ ಬೆರಕೆಯೇ ಗುಂಡಿಗೂ ಒಗ್ಗುತ್ತದೆ. ಅಚ್ಚುಕೂಟಗಳು ಕಂಪ್ಯೂಟರಿಗೆ ತಿರುಗಿದಾಗ ಆ ಲೋಹ ಗುಜರಿಗೆ ಬಂದು ಇಂಥವರ ಶೆಡ್ಡು ಸೇರಿತು. ಒಂದು ದಿನ ಪಾತ್ರೆಗೆ ಹಾಕುವ ಮೊದಲು ಪಟ್ಟಿಯೊಂದನ್ನು ಕನ್ನಡಿಗೆ ಹಿಡಿದು ಓದಿದೆ: ಮಂಗಳವಾರ ಸಂಜೆ ಚರ್ಚಿನ ಸಭಾಂಗಣದಲ್ಲಿ ಊಟವಿದೆ ಎಂಬ ಅರ್ಧ ವಾಕ್ಯ. ಉಳಿದರ್ಧ ಆಗಲೇ ಕರಗಿಹೋಗಿತ್ತು. ಮಾತು ಆಡಿದರೆ ಹೋಯಿತು ಎನ್ನುತ್ತೇವೆ. ಆದರೆ ಅಚ್ಚಾದ ಮಾತಿಗೂ ತಿದ್ದುಪಡಿ ಹಾಕಬಹುದು. ಗುಂಡಿಗೆ ತಿದ್ದುಪಡಿಯಿರುವುದು ಅದು ಪಾತ್ರೆಯ ಹತ್ತಿರ ಇರುವವರೆಗೆ ಮಾತ್ರ.

ಎರಡನೇ ಚಳಿಗಾಲದ ಕೊನೆಗೆ ನನ್ನ ಕಾಗದವೂ ಚೆನ್ನಾಗಿತ್ತು. ಬೆಂಚಿನ ಮೇಲೆ ಮರಳುಚೀಲಕ್ಕೆ ರೈಫಲ್ ಒರಗಿಸಿ ಹೊಡೆದರೆ ನೂರು ಗಜದಲ್ಲಿ ಐದು ಗುಂಡು ಎರಡು ಇಂಚಿನೊಳಗೆ ಬೀಳುತ್ತಿದ್ದವು. ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು ಎಂಟು ಇಂಚು ಅಗಲ. ಎಂಟು ಇಂಚಿನ ಗುರಿಗೆ ಎರಡು ಇಂಚಿನ ತಪ್ಪು. ಲೆಕ್ಕ ಪಕ್ಕಾ ಆಗಿತ್ತು. ಈಗ ಯೋಚಿಸಿದರೆ, ನನ್ನ ಆತ್ಮಸಾಕ್ಷಿ ಸುಮ್ಮನಾದದ್ದು ಆ ಲೆಕ್ಕದಿಂದಲೇ. ಕೊಲ್ಲಬಹುದೇ ಎಂಬ ಪ್ರಶ್ನೆಯನ್ನು ನಾನು ಚೆನ್ನಾಗಿ ಕೊಲ್ಲಬಲ್ಲೆನೇ ಎಂಬ ಪ್ರಶ್ನೆಯಾಗಿ ಬದಲಿಸಿಕೊಂಡಿದ್ದೆ. ಎರಡನೆಯದಕ್ಕೆ ಮೈಕ್ರೋಮೀಟರು, ತಕ್ಕಡಿಗಳಲ್ಲಿ ಉತ್ತರ ಸಿಗುತ್ತದೆ. ಉತ್ತರ ಸಿಗುವ ಪ್ರಶ್ನೆ ಯಾವಾಗಲೂ ಹಿತವಾಗಿರುತ್ತದೆ.

ಆ ವರ್ಷ ಡಿಸೆಂಬರ್ ಮೊದಲ ವಾರ. ಹಿಂದಿನ ರಾತ್ರಿ ಹಿಮ ಬಿದ್ದಿತ್ತು. ಏರು ಹತ್ತಿ ಇನ್ನೂ ಏದುಸಿರು ಇಳಿದಿರಲಿಲ್ಲ. ಕೆಳಗಿನ ತೋಡಿನಾಚೆ ಒಂದು ಜಿಂಕೆ ಅಡ್ಡವಾಗಿ ನಿಂತಿತ್ತು. ದೂರ ನೂರು ಗಜ, ಇನ್ನೊಂದಿಷ್ಟು ಹೆಚ್ಚೇ ಇದ್ದೀತು. ಮರಕ್ಕೆ ಭುಜ ಆನಿಸಿ ಹೊಡೆದೆ. ಜಿಂಕೆ ಬೀಳಲಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿಸಿ, ಓಡದೆ, ನಡೆದುಕೊಂಡು ಪೊದೆಯೊಳಕ್ಕೆ ಹೋಯಿತು. ನನ್ನ ಪಕ್ಕದಲ್ಲಿದ್ದ ಮುದುಕರು ಉಸಿರು ಬಿಟ್ಟು, "ಹೊಟ್ಟೆಗೆ ಬಿದ್ದಿದೆ," ಎಂದರು. ಈಗಲೇ ಬೆನ್ನಟ್ಟಿದರೆ ಅದು ಹೆದರಿ ಮೈಲಿಗಟ್ಟಲೆ ಹೋಗುತ್ತದೆ, ಕಾಯಬೇಕು ಎಂದರು. ಕಾದೆವು. ಕತ್ತಲಾಯಿತು. ಮರುದಿನ ಬೆಳಗ್ಗೆ ಗುರುತು ಹಿಡಿದು ಹೋದೆವು. ದಾರಿಯಲ್ಲಿ ಮೂರು ಕಡೆ ಹಿಮ ಕರಗಿ ಜಿಂಕೆಯ ಮೈಯಷ್ಟು ಅಗಲದ ಹಳ್ಳ ಬಿದ್ದಿತ್ತು. ಮೂರು ಸಲ ಮಲಗಿ, ಮೂರು ಸಲ ಎದ್ದಿತ್ತು. ನಾಲ್ಕನೆಯ ಕಡೆ ಎದ್ದಿರಲಿಲ್ಲ.

ಆ ಮೂರು ಹಳ್ಳಗಳನ್ನು ನೋಡುವಾಗ ನನಗೆ ನೆನಪಾದದ್ದು ಶೆಡ್ಡಿನ ತಕ್ಕಡಿ. ಆ ಗುಂಡಿನ ತೂಕ ಸರಿಯಿತ್ತು, ಬುಡ ಸರಿಯಿತ್ತು, ಅಳತೆ ಸರಿಯಿತ್ತು. ಅದು ನಾನು ಹಿಡಿದ ಕಡೆಗೆ ಹೋಗಿತ್ತು. ಅಂಗಡಿಯ ಗುಂಡಾಗಿದ್ದರೆ ಕಾರ್ಖಾನೆಯನ್ನು ಬೈಯುತ್ತಿದ್ದೆನೋ ಏನೋ. ಕರಗಿಸಿದವನೂ ನಾನು, ಹೊಯ್ದವನೂ ನಾನು, ಆರಿಸಿದವನೂ ನಾನು. ಬೈಯಲು ಬೇರೆ ಯಾರೂ ಉಳಿದಿರಲಿಲ್ಲ.

ಮುದುಕರು ಬೈಯಲಿಲ್ಲ. ಮುಂದಿನ ಭಾನುವಾರ ಊಟದ ಕಾಗದದ ತಟ್ಟೆಗಳ ಕಟ್ಟೊಂದನ್ನು ತಂದರು. ತಟ್ಟೆಯೊಂದನ್ನು ನೂರು ಗಜದಲ್ಲಿ ಚುಚ್ಚಿ, "ಬೆಂಚಿಲ್ಲ, ಚೀಲವಿಲ್ಲ. ಇಲ್ಲಿಂದ ಓಡಿಹೋಗಿ ಓಡಿಬಂದು, ನಿಂತು ಹೊಡಿ," ಎಂದರು. ಹತ್ತರಲ್ಲಿ ಆರು ತಗಲಿದವು. ಎಪ್ಪತ್ತೈದು ಗಜಕ್ಕೆ ತಂದರು, ಎಂಟು. ಐವತ್ತಕ್ಕೆ ತಂದರು, ಹತ್ತಕ್ಕೆ ಹತ್ತು. "ನಿನ್ನ ದೂರ ಐವತ್ತು ಗಜ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇದನ್ನು ಮೊದಲೇ ಮಾಡಿಸಬೇಕಿತ್ತು. ಗುಂಡು ಮಾಡುವುದನ್ನು ಕಲಿಸುವ ಉಮೇದಿನಲ್ಲಿ ಮರೆತೆ," ಎಂದರು.

ನಿಖರತೆಯ ಬಗ್ಗೆ ನನಗೆ ನಿಜವಾಗಿ ಏನಾದರೂ ತಿಳಿದಿದ್ದರೆ ಅದು ಆ ಭಾನುವಾರ. ಕಾಗದದ ಮೇಲಿನ ಐದು ತೂತುಗಳನ್ನು ನಾವು ಕೌಶಲದ ಸರ್ಟಿಫಿಕೇಟಿನಂತೆ ನೋಡುತ್ತೇವೆ. ಅವು ಹೇಳುವುದು ಬೇರೆ. ಒಂದೇ ಕಡೆ ಗುರಿಯಿಟ್ಟು ಹೊಡೆದರೂ ಐದು ಐದು ಕಡೆ ಬಿದ್ದಿವೆ. ಆ ಚದುರೇ ನಮ್ಮ ತಪ್ಪಿನ ಅಳತೆ. ಒಳ್ಳೆಯ ಗುರಿಕಾರನೆಂದರೆ ತಪ್ಪು ಮಾಡದವನಲ್ಲ, ತನ್ನ ತಪ್ಪು ಎಷ್ಟು ದೊಡ್ಡದೆಂದು ಅಳೆದುಕೊಂಡವನು. ನಾನು ಅಳೆದದ್ದು ಗುಂಡಿನ ತಪ್ಪನ್ನು. ಹೊಡೆಯುವವನ ತಪ್ಪನ್ನು ಅಳೆದಿರಲಿಲ್ಲ.

ಮಹಾಭಾರತದಲ್ಲಿ ದ್ರೋಣರ ಪರೀಕ್ಷೆಯ ಕಥೆ ನಮಗೆಲ್ಲ ಗೊತ್ತು. ಮರ ಕಾಣುತ್ತದೆ, ಕೊಂಬೆ ಕಾಣುತ್ತದೆ, ನೀವೂ ಕಾಣುತ್ತೀರಿ ಎಂದವರೆಲ್ಲ ಫೇಲು. ಹಕ್ಕಿಯ ತಲೆಯಲ್ಲದೆ ಬೇರೇನೂ ಕಾಣುವುದಿಲ್ಲ ಎಂದ ಅರ್ಜುನ ಪಾಸು. ಶಾಲೆಯಲ್ಲಿ ಏಕಾಗ್ರತೆಗೆ ಇದನ್ನೇ ಉದಾಹರಣೆಯಾಗಿ ಹೇಳುತ್ತಾರೆ. ಆ ಕಥೆಯಲ್ಲಿ ನಾವು ಮರೆಯುವ ಒಂದು ವಿವರವಿದೆ: ಮರದ ಮೇಲಿದ್ದದ್ದು ಜೀವಂತ ಹಕ್ಕಿಯಲ್ಲ, ಶಿಲ್ಪಿಗಳಿಂದ ಮಾಡಿಸಿದ ಗೊಂಬೆಹಕ್ಕಿ. ಗೊಂಬೆಯ ತಲೆ ಮಾತ್ರ ಕಂಡರೆ ಸಾಕು. ಜೀವವಿರುವ ಹಕ್ಕಿಯಾದರೆ ತಲೆಯೊಂದೇ ಕಾಣುವುದು ಪೂರ್ತಿ ನೋಟವಲ್ಲ. ಅದರ ಹಿಂದೆ ಏನಿದೆ, ಪಕ್ಕದಲ್ಲಿ ಮರಿಯಿದೆಯೇ, ನನ್ನ ಉಸಿರು ನಿಂತಿದೆಯೇ, ಇವೂ ಕಾಣಬೇಕು. ಬೆಂಚಿನ ಮೇಲೆ ನಾನು ಅರ್ಜುನನಾಗಿದ್ದೆ. ಕಾಡಿನಲ್ಲಿ ಆಗಬೇಕಿದ್ದದ್ದು ಪರೀಕ್ಷೆಯಲ್ಲಿ ಫೇಲಾದ ಆ ಹುಡುಗರಂತೆ, ಎಲ್ಲವನ್ನೂ ಕಂಡವರಂತೆ.

ರಾಮಾಯಣದ ದಶರಥನದು ಇನ್ನೂ ಕಠಿಣ ಪಾಠ. ಕತ್ತಲಲ್ಲಿ ಸರಯೂ ತೀರದಲ್ಲಿ ಆನೆ ನೀರು ಕುಡಿಯುವ ಸದ್ದೆಂದು ಬಗೆದು ಶಬ್ದವೇಧಿ ಬಾಣ ಬಿಟ್ಟ. ಕೊಡ ತುಂಬಿಸುತ್ತಿದ್ದ ಯುವಕನಿಗೆ ತಗಲಿತು. ಅವನ ಗುರಿ ತಪ್ಪಲಿಲ್ಲ. ಸದ್ದು ಎಲ್ಲಿತ್ತೋ ಅಲ್ಲೇ ಬಾಣ ನೆಟ್ಟಿತು. ಆ ವಿದ್ಯೆ ಸ್ವಲ್ಪ ಕೆಟ್ಟದಾಗಿದ್ದರೆ ಕುರುಡು ತಂದೆತಾಯಿಗೆ ಮಗ ಉಳಿಯುತ್ತಿದ್ದ. ಕಾಣದ್ದಕ್ಕೂ ಹೊಡೆಯಬಲ್ಲೆ ಎಂಬ ಕೌಶಲವೇ ಅಲ್ಲಿ ಹೊಡೆಯಲು ಕಾರಣವಾಯಿತು. ನನ್ನ ಎರಡಿಂಚಿನ ಕಾಗದವೂ ಹಾಗೆಯೇ. ಅದಿಲ್ಲದಿದ್ದರೆ ಆ ದೂರಕ್ಕೆ ನಾನು ರೈಫಲ್ ಎತ್ತುತ್ತಲೇ ಇರಲಿಲ್ಲ.

ಹಾಗಾದರೆ ನಿಖರತೆಗೆ ಬೆಲೆಯಿಲ್ಲವೇ? ಇದೆ. ನಮ್ಮ ಕಡೆ ಗದ್ದೆಗೆ ನುಗ್ಗುವ ಹಂದಿಗೆ ಕೆಲವರು ಉರುಳು ಹಾಕುತ್ತಾರೆ. ಉರುಳಿಗೆ ಗುರಿಯೆಂಬುದೇ ಇಲ್ಲ. ಹಂದಿಗೆ ಹಾಕಿದ್ದರಲ್ಲಿ ಚಿರತೆ ಸಿಕ್ಕಿ ಎರಡು ದಿನ ಒದ್ದಾಡಿದ ಸುದ್ದಿ ಓದುತ್ತಲೇ ಇರುತ್ತೇವೆ. ಹಾಕಿದವನು ಮನೆಯಲ್ಲಿ ನಿದ್ದೆ ಮಾಡುತ್ತಿರುತ್ತಾನೆ. ಅದರ ಮುಂದೆ, ಯಾವ ಪ್ರಾಣಿ, ಯಾವ ಜಾಗ, ಯಾವ ಗಳಿಗೆ ಎಂದು ನೋಡಿ ಹೊಡೆಯುವುದು ಎಷ್ಟೋ ಮೇಲು. ಆದರೆ ಮೇಲು ಎಂದ ಮಾತ್ರಕ್ಕೆ ಅದು ಕರುಣೆಯಾಗುವುದಿಲ್ಲ. ಕೊಲ್ಲುವವನು ತೀರಿಸಲೇಬೇಕಾದ ಸಾಲದ ಮೊದಲ ಕಂತು ಅದು. ಸಾಲ ತೀರಿತೆಂದು ರಸೀತಿ ಬರೆದುಕೊಳ್ಳುವ ಅಧಿಕಾರ ಸಾಲ ಮಾಡಿದವನಿಗಿಲ್ಲ.

ಉಳಿದ ಕಂತುಗಳೇನೆಂದು ನನಗೆ ಇನ್ನೊಂದು ದಿಕ್ಕಿನಿಂದ ಗೊತ್ತಾಯಿತು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿದ್ದರು, ಬೋಳುತಲೆಯವು ಮತ್ತು ಹೊನ್ನಬಣ್ಣದವು. ಅರ್ಧದ ಹತ್ತಿರಹತ್ತಿರ ಹಕ್ಕಿಗಳ ಮೂಳೆಯಲ್ಲಿ ಬಹುಕಾಲ ಸೀಸ ಸೇರಿದ ಗುರುತಿತ್ತು. ಬೇಟೆಗಾರರು ಕಾಡಿನಲ್ಲಿ ಬಿಟ್ಟುಬರುವ ಕರುಳಿನ ರಾಶಿಯಲ್ಲಿ ಗುಂಡಿನ ಚೂರುಗಳಿರುತ್ತವೆ. ಚಳಿಗಾಲದ ಹಸಿವಿಗೆ ಹದ್ದುಗಳು ಅದನ್ನು ತಿನ್ನುತ್ತವೆ. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ರಣಹದ್ದು 1982ರಲ್ಲಿ ಬರೀ 22 ಉಳಿದಿದ್ದವು. ಅವುಗಳನ್ನು ಹಿಡಿದು ಸಾಕಿ, ಮರಿಮಾಡಿಸಿ ಮತ್ತೆ ಹಾರಲು ಬಿಟ್ಟ ಮೇಲೂ ಅವುಗಳನ್ನು ಹೆಚ್ಚಾಗಿ ಕೊಂದದ್ದು ಸೀಸದ ವಿಷವೇ. ಆ ರಾಜ್ಯ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು.

ನಾನಿದನ್ನು ಮುದುಕರಿಗೆ ಹೇಳಿದೆ. ಅತಿವೇಗದ ಮೆದುಮೂತಿಯ ಗುಂಡುಗಳು ಪುಡಿಪುಡಿಯಾಗುವಷ್ಟು ನಮ್ಮ ನಿಧಾನದ ಗಟ್ಟಿ ಗುಂಡುಗಳು ಆಗುವುದಿಲ್ಲ ಎಂದರು. ಅದು ಸುಳ್ಳಲ್ಲ. ಆದರೂ ಆ ವರ್ಷದಿಂದ ಅವರು ಬೇಟೆಗೆ ಹೋಗುವಾಗ ಸನಿಕೆಯೊಂದನ್ನು ಹೊತ್ತುಕೊಂಡು ಹೋಗುತ್ತಾರೆ, ಕರುಳನ್ನು ಹೂತು ಬರುತ್ತಾರೆ. ಎಂಬತ್ತರ ಹತ್ತಿರದ ಮನುಷ್ಯ, ಹೆಪ್ಪುಗಟ್ಟಿದ ನೆಲವನ್ನು ಅಗೆಯುತ್ತ ನಿಲ್ಲುವುದನ್ನು ನೋಡಿದ್ದೇನೆ.

ನನಗೆ ಅಲ್ಲಿ ಒಂದು ಗಂಟು ಬಿತ್ತು. ಸೀಸಕ್ಕೆ ಬದಲು ತಾಮ್ರದ ಗುಂಡುಗಳಿವೆ. ಆದರೆ ತಾಮ್ರ ಕರಗಬೇಕಾದರೆ ಸಾವಿರ ಡಿಗ್ರಿ ದಾಟಬೇಕು. ಶೆಡ್ಡಿನ ಪಾತ್ರೆಯಲ್ಲಿ ಆಗದು. ಅವನ್ನು ಅಂಗಡಿಯಿಂದಲೇ ತರಬೇಕು. ನನ್ನ ಕೈಯಾರೆ ಮಾಡಿದ್ದೆಂಬುದೇ ನನ್ನನ್ನು ಹೊಣೆಗಾರನನ್ನಾಗಿ ಮಾಡಿತ್ತು. ಆ ಹೊಣೆಯೇ ಈಗ ಕೈಯಾರೆ ಮಾಡಿದ್ದನ್ನು ಬಿಡು ಎನ್ನುತ್ತಿತ್ತು. ಕೈಕಸುಬಿನ ಬಗ್ಗೆ ನಮಗೆಲ್ಲ ಒಂದು ಮೋಹವಿದೆ: ನಾನೇ ನೆಯ್ದದ್ದು, ನಾನೇ ಬೆಳೆದದ್ದು, ನಾನೇ ಎರಕ ಹೊಯ್ದದ್ದು ಎಂದರೆ ಅದು ತಾನಾಗಿ ಶುದ್ಧ ಎಂಬ ಭಾವನೆ. ಹದ್ದಿನ ಹೊಟ್ಟೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಪ್ರೀತಿಯಿಂದ ಹೊಯ್ದ ಸೀಸವೂ ಸೀಸವೇ.

ಈಗ ಜಿಂಕೆಗೆ ತಾಮ್ರದ ಗುಂಡು ತರುತ್ತೇನೆ. ಎರಕದ ಪಾತ್ರೆಯನ್ನು ಬಿಟ್ಟಿಲ್ಲ. ಆ ಗುಂಡುಗಳು ಕಾಗದಕ್ಕೆ ಮಾತ್ರ. ಹಿಂದಿನ ಮರಳುದಿಬ್ಬದಿಂದ ಸೀಸವನ್ನು ಜರಡಿ ಹಿಡಿದು ತೆಗೆದು ಮತ್ತೆ ಕರಗಿಸುತ್ತೇವೆ. ಬೇಟೆಯೇ ಸರಿಯೇ ಎಂಬ ದೊಡ್ಡ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಮಾಂಸ ತಿನ್ನುವವನಾಗಿ, ಬೇರೆಯವರಿಂದ ಕೊಲ್ಲಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತರುವುದು ಹೆಚ್ಚು ಶುಚಿಯಾದ ಕೆಲಸ ಎಂದೂ ಅನ್ನಿಸುವುದಿಲ್ಲ. ಆದರೆ ಆ ಪ್ರಶ್ನೆಯ ಜಾಗಕ್ಕೆ ಗುರಿಯ ಪ್ರಶ್ನೆಯನ್ನು ತಂದು ಕೂರಿಸುವುದನ್ನು ನಿಲ್ಲಿಸಿದ್ದೇನೆ.

ಹೋದ ವರ್ಷ ಅದೇ ತೋಡಿನ ಹತ್ತಿರ ಇನ್ನೊಂದು ಜಿಂಕೆ ಬಂತು. ಎಂಬತ್ತು ಗಜ ಇದ್ದೀತು. ಗಾಳಿಯಿರಲಿಲ್ಲ, ಬೆಳಕು ಚೆನ್ನಾಗಿತ್ತು. ಹತ್ತಿರ ಬರಲಿ ಎಂದು ಕಾದೆ. ಅದು ಬರಲಿಲ್ಲ, ಸ್ವಲ್ಪ ಹೊತ್ತು ಏನನ್ನೋ ಮೆಲ್ಲುತ್ತ ನಿಂತಿದ್ದು, ಏರಿನ ಆಚೆಗೆ ಇಳಿದುಹೋಯಿತು. ನಾನೇನೋ ದೊಡ್ಡದನ್ನು ಬಿಟ್ಟುಕೊಟ್ಟೆ ಎಂದು ಅನ್ನಿಸಲಿಲ್ಲ. ಕಾಲು ಮರಗಟ್ಟಿತ್ತು, ಹಸಿವಾಗಿತ್ತು. ಮನೆಗೆ ಬಂದು ತೋಟಾಗಳನ್ನು ತೆಗೆದು ಡಬ್ಬಿಗೆ ಹಾಕಿದೆ. ಎಷ್ಟು ಒಯ್ದಿದ್ದೆನೋ ಅಷ್ಟೂ ಇದ್ದವು.